ತುಕ್ಕು ಹೋಗಲಿ, ಗುರುತು ಉಳಿಯಲಿ

ನಮ್ಮಪ್ಪನ ಜಾವಾ ಬೈಕಿನ ಟ್ಯಾಂಕಿನ ಬಲಗಡೆ ಒಂದು ತಗ್ಗಿತ್ತು. ಮಳೆಗಾಲದ ಒಂದು ರಾತ್ರಿ ಅಮ್ಮನನ್ನು ಹೆರಿಗೆ ಆಸ್ಪತ್ರೆಗೆ ಸೇರಿಸಿ ಮನೆಗೆ ಮರಳುವಾಗ ಅಪ್ಪ ಕೆಸರಿನಲ್ಲಿ ಜಾರಿ ಬಿದ್ದದ್ದರ ಗುರುತು ಅದು. ಆ ರಾತ್ರಿ ಹುಟ್ಟಿದವನು ನಾನು. ಟ್ಯಾಂಕಿನ ಎರಡೂ ಪಕ್ಕದ ಮೊಣಕಾಲು ರಬ್ಬರುಗಳು ವರ್ಷಗಟ್ಟಲೆ ಅಪ್ಪನ ಕಾಲು ತಾಗಿ ತಾಗಿ ಸವೆದು ನುಣುಪಾಗಿದ್ದವು. ನಂಬರ್ ಪ್ಲೇಟಿನ ಮೇಲೆ ‘ಎಂವೈ’ ಎಂದು ಶುರುವಾಗುವ, ಹಳೇ ಮೈಸೂರು ರಾಜ್ಯದ ಕಾಲದ ನಂಬರು. ಊರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು ಕೈಯಾರೆ ಬರೆದದ್ದು. 2009ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ, ಆ ಬೈಕನ್ನು ಒಂದು ಗ್ಯಾರೇಜಿಗೆ ಬಿಟ್ಟು, ‘ಶೋರೂಮಿನಿಂದ ಈಗ ತಾನೇ ಬಂದ ಹಾಗೆ ಆಗಬೇಕು’ ಎಂದೆ.

ಹಾಗೇ ಆಯಿತು. ತಗ್ಗಿಗೆ ಪುಟ್ಟಿ ಮೆತ್ತಿ ಉಜ್ಜಿ ಮೇಲೆ ಹೊಸ ಬಣ್ಣ ಹೊಡೆದಿದ್ದರು. ಹಳೇ ರಬ್ಬರು ಗುಜರಿಗೆ ಹೋಗಿತ್ತು. ಕ್ರೋಮು ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು. ನಂಬರು ಸ್ಟಿಕ್ಕರಿನಲ್ಲಿ ಬಂದಿತ್ತು. ಬೀದಿಯವರೆಲ್ಲ ಸುತ್ತ ನೆರೆದು ಮೆಚ್ಚಿದರು. ಎಲ್ಲರೂ ಹೋದ ಮೇಲೆ ಅಮ್ಮ ಬಂದು ಟ್ಯಾಂಕಿನ ಬಲಗಡೆ ಕೈಯಾಡಿಸಿ ಸುಮ್ಮನೆ ಒಳಗೆ ಹೋದರು. ಅವರು ಹುಡುಕಿದ್ದು ಏನನ್ನು ಎಂದು ನನಗೆ ಗೊತ್ತಿತ್ತು. ಕೆಲಸ ಮಾಡಿದವರ ತಪ್ಪೇನೂ ಇರಲಿಲ್ಲ, ಕೇಳಿದ್ದನ್ನು ಕೊಟ್ಟಿದ್ದರು. ತಪ್ಪು ಕೇಳಿದ್ದು ನಾನು.

ಆ ತಪ್ಪು ನನ್ನೊಬ್ಬನದಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಹಳೆಯ ಬೈಕು, ಕಾರು, ಸ್ಕೂಟರುಗಳನ್ನು ಹುಡುಕಿ ತಂದು ಸರಿಮಾಡಿಸುವವರು ಇಂದು ನಮ್ಮ ಊರೂರಲ್ಲಿ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪ್ರೀತಿಯಿಂದಲೇ ನಾವು ಎಷ್ಟೋ ಯಂತ್ರಗಳ ಚರಿತ್ರೆಯನ್ನು ಅಳಿಸುತ್ತಿದ್ದೇವೆ. ಹಳೆಯ ವಾಹನವನ್ನು ಉಳಿಸುವುದೆಂದರೆ ಅದನ್ನು ಹೊಸದು ಮಾಡುವುದು ಎಂದು ತಿಳಿದಿದ್ದೇವೆ. ನನ್ನ ಮಾತು ಇಷ್ಟೇ: ಮುಂದಿನವರು ಬಿಚ್ಚಿ ಮೊದಲಿನಂತೆ ಮಾಡಲಾಗದ ಯಾವ ಕೆಲಸವನ್ನೂ, ತೀರಾ ಅನಿವಾರ್ಯವಾಗದ ಹೊರತು, ಹಳೆಯ ವಾಹನದ ಮೇಲೆ ಮಾಡಬಾರದು. ಮಾಡಿದ್ದನ್ನೆಲ್ಲ ಬರೆದಿಡಬೇಕು. ಮತ್ತು ಆ ವಾಹನ ಓಡುತ್ತಿರಬೇಕು.

ಈ ಕೆಲಸಕ್ಕೆ ಗ್ಯಾರೇಜುಗಳಲ್ಲಿ ‘ರೆಸ್ಟೊರೇಷನ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕಿಂತ ಹಳೆಯದೊಂದು ಮಾತಿದೆ: ಜೀರ್ಣೋದ್ಧಾರ. ಊರಿನ ಹಳೇ ಗುಡಿ ಸೋರತೊಡಗಿದಾಗ, ಗೋಡೆ ವಾಲಿದಾಗ ಊರವರು ಸೇರಿ ಮಾಡುವ ಕೆಲಸ. ಒಳ್ಳೆಯ ಜೀರ್ಣೋದ್ಧಾರದಲ್ಲಿ ಒಂದೊಂದು ಕಲ್ಲಿಗೂ ನಂಬರು ಬರೆದು ಬಿಚ್ಚುತ್ತಾರೆ, ತಳಪಾಯ ಗಟ್ಟಿಮಾಡಿ ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸುತ್ತಾರೆ. ಅದೇ ಹೆಸರಿನಲ್ಲಿ ನಡೆಯುವ ಇನ್ನೊಂದು ಕೆಲಸವನ್ನೂ ನಾವೆಲ್ಲ ಕಂಡಿದ್ದೇವೆ. ಮರಳು ಬೀಸಿ ಕಲ್ಲಿನ ಮೈಯನ್ನೇ ಕೆರೆಯುತ್ತಾರೆ, ಕೆತ್ತನೆಯ ಮೇಲೆ ಎನಾಮಲ್ ಬಣ್ಣ ಬಳಿಯುತ್ತಾರೆ, ಶಾಸನದ ಕಲ್ಲನ್ನು ಮೆಟ್ಟಿಲು ಮಾಡುತ್ತಾರೆ, ಗರ್ಭಗುಡಿಗೆ ಟೈಲ್ಸ್ ಹಾಕುತ್ತಾರೆ. ಗುಡಿ ಹೊಳೆಯುತ್ತದೆ, ಅದು ಯಾವ ಕಾಲದ್ದು ಎಂದು ಹೇಳುವ ಸಾಕ್ಷಿ ಮಾಯವಾಗುತ್ತದೆ. ಬೈಕಿನ ಚಾಸಿಸ್‌ಗೆ ಮರಳು ಬೀಸಿ ದಪ್ಪನೆಯ ಪೌಡರ್ ಕೋಟಿಂಗ್ ಹೊಡೆಸುವಾಗ ನಾವು ಮಾಡುವುದೂ ಇದನ್ನೇ. ಎಷ್ಟೋ ಸಲ ಆ ಲೇಪನದಡಿ ಚಾಸಿಸ್ ನಂಬರೇ ಮುಚ್ಚಿಹೋಗುತ್ತದೆ. ಮುಂದೆ ಆರ್‌ಟಿಒ ಕಚೇರಿಯಲ್ಲಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಏನೂ ಮೂಡುವುದಿಲ್ಲ. ಶಾಸನ ಅಳಿಸಿದ ಗುಡಿಗೂ ನಂಬರು ಅಳಿಸಿದ ಬೈಕಿಗೂ ಒದಗುವ ಗತಿ ಒಂದೇ.

ಒಂದು ಬೈಕನ್ನು ಶಾಸನಕ್ಕೆ ಹೋಲಿಸುವುದು ಅತಿಯಾಯಿತು ಎನ್ನಿಸಬಹುದು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಮ್ಮೂರಲ್ಲೇ ತಯಾರಾದದ್ದರ ಬೆಲೆ ನಮಗೆ ತಿಳಿಯುವುದು ತಡ. ಜಾವಾದ ಕಥೆಯನ್ನೇ ನೋಡಿ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಜಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟ. ಮುಂಬಯಿಯಲ್ಲಿ ಆ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು, ಆಮದಿಗೆ ಕಡಿವಾಣ ಬಿದ್ದಾಗ ಇಲ್ಲೇ ಕಾರ್ಖಾನೆ ಕಟ್ಟಲು ಮೈಸೂರನ್ನು ಆರಿಸಿಕೊಂಡರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಅಲ್ಲಿನ ಬೈಕುಗಳು ‘ಯೆಜ್ಡಿ’ ಎಂಬ ಹೆಸರು ಹೊತ್ತವು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಬಾಗಿಲು ಮುಚ್ಚುವ ತನಕ ಆ ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಅಡಿಕೆ ತೋಟದವರು, ಮೇಷ್ಟ್ರುಗಳು, ಹಾಲಿನವರು, ಪೊಲೀಸರು, ಔಷಧಿ ಕಂಪನಿಯ ಪ್ರತಿನಿಧಿಗಳು ಅದನ್ನೇರಿ ಓಡಾಡಿದರು. ನಮ್ಮ ನಾಡು ಎತ್ತಿನ ಗಾಡಿಯಿಂದ ಯಂತ್ರದ ಗಾಡಿಗೆ ದಾಟಿದ ಕಾಲದ ಕಥೆ ಪುಸ್ತಕಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆ ಬೈಕುಗಳ ಮೈಮೇಲಿದೆ.

ಆ ಯಂತ್ರದ ಒಳಗೂ ಒಂದು ಕಾಲದ ಯೋಚನೆ ಅಡಗಿದೆ. 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕಿನ ಒಂದೇ ಸಿಲಿಂಡರ್. ಅದಕ್ಕೆ ಎರಡು ಸೈಲೆನ್ಸರ್. ಎಡಗಾಲಿನ ಗೇರ್ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸುವಾಗ ಆ ಲಿವರೇ ಕ್ಲಚ್ಚನ್ನೂ ಬಿಡಿಸಿಕೊಳ್ಳುತ್ತದೆ. ಒಂದು ಭಾಗಕ್ಕೆ ಎರಡು ಮೂರು ಕೆಲಸ ಕೊಟ್ಟು ಲೋಹ ಉಳಿಸಿದ, ಯುದ್ಧ ಮುಗಿದ ಯುರೋಪಿನ ಮಿತವ್ಯಯದ ಜಾಣ್ಮೆ ಅದು. ಅದನ್ನು ಮೈಸೂರಿನ ಕೈಗಳು ಕಲಿತು, ನಮ್ಮ ರಸ್ತೆಗೆ, ನಮ್ಮ ಭಾರಕ್ಕೆ ಒಗ್ಗಿಸಿದವು. ಇಂಥದ್ದನ್ನು ಚರಿತ್ರೆಯ ದಾಖಲೆ ಎಂದು ಕರೆಯಲು ನನಗೆ ಸಂಕೋಚವಿಲ್ಲ. ದಾಖಲೆಯನ್ನು ಯಾರೂ ಹೊಸದಾಗಿ ಬರೆದು ಹಳೆಯದನ್ನು ಹರಿದು ಹಾಕುವುದಿಲ್ಲ.

ಕಟ್ಟಡಗಳ ವಿಷಯದಲ್ಲಿ ಜಗತ್ತು ಈ ಮಾತನ್ನು 1964ರಲ್ಲೇ ವೆನಿಸ್ ಸನ್ನದಿನ ಮೂಲಕ ಒಪ್ಪಿಕೊಂಡಿತು. ವಾಹನಗಳಿಗೆ ಅದು ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಟುರಿನ್ ಸನ್ನದನ್ನು ಹೊರತಂದಿತು. ಇದ್ದದ್ದನ್ನು ಇದ್ದಂತೆ ಕಾಯುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಹಾಳಾದದ್ದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು, ಇವು ಬೇರೆ ಬೇರೆ ಕೆಲಸಗಳು ಎಂದು ಅದು ಬಿಡಿಸಿ ಹೇಳುತ್ತದೆ. ಸಾಧ್ಯವಾದಷ್ಟು ಕಡಿಮೆ ಕೈಹಾಕಬೇಕು, ಮಾಡಿದ್ದನ್ನು ದಾಖಲಿಸಬೇಕು ಎನ್ನುತ್ತದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶ ಇನ್ನೊಂದಿದೆ. ವಾಹನವು ದುಡಿಯುತ್ತಿದ್ದ ಕಾಲದಲ್ಲಿ ಅದರ ಮೇಲೆ ಆದ ಬದಲಾವಣೆಗಳೂ ಅದರ ಚರಿತ್ರೆಯೇ, ಅವನ್ನೂ ಉಳಿಸಬೇಕು ಎಂಬುದು. ಹಾಲಿನವರ ಬೈಕಿಗೆ ಕ್ಯಾನು ನೇತುಹಾಕಲು ವೆಲ್ಡ್ ಮಾಡಿಸಿದ ಕೊಕ್ಕೆ ಕಾರ್ಖಾನೆಯಿಂದ ಬಂದದ್ದಲ್ಲ. ಆದರೂ ಅದನ್ನು ಕತ್ತರಿಸಿ ತೆಗೆದರೆ ಆ ಬೈಕಿನ ಬದುಕನ್ನೇ ಕತ್ತರಿಸಿದಂತೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಂತ್ರವೆಂದ ಮೇಲೆ ಸವೆಯುತ್ತದೆ. ಸವೆದದ್ದನ್ನು ಬದಲಿಸದೆ ಓಡಿಸುವುದು ಹೇಗೆ? ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಬೈಕೇನಾ? ನಮ್ಮ ತೇರನ್ನು ನೋಡಿ. ಒಂದು ವರ್ಷ ಅಚ್ಚು ಮುರಿಯುತ್ತದೆ, ಇನ್ನೊಂದು ವರ್ಷ ಗಾಲಿ ಬಿರಿಯುತ್ತದೆ, ಹಗ್ಗವಂತೂ ಬದಲಾಗುತ್ತಲೇ ಇರುತ್ತದೆ. ಆದರೂ ಅದು ನಮ್ಮೂರ ತೇರೇ. ಏಕೆಂದರೆ ಎಲ್ಲವೂ ಒಂದೇ ಸಲ ಬದಲಾಗಲಿಲ್ಲ, ಬದಲಾದದ್ದು ಕೂಡ ಅದೇ ಅಳತೆಯಲ್ಲಿ, ಅದೇ ಕುಲಕಸುಬಿನ ಕೈಯಲ್ಲಿ ಆಯಿತು, ಮತ್ತು ತೇರು ವರ್ಷವರ್ಷವೂ ಬೀದಿಯಲ್ಲಿ ಓಡಿತು. ಯಂತ್ರದ ಗುರುತು ಉಳಿಯುವುದು ಹೀಗೆಯೇ. ಟೈರು, ಚೈನು, ಬ್ರೇಕ್ ಶೂ, ಕೇಬಲ್ಲು, ಪಿಸ್ಟನ್ ರಿಂಗು ಸವೆಯಲೆಂದೇ ಮಾಡಿದ ಭಾಗಗಳು. ಅವನ್ನು ಬದಲಿಸಲು ಯಾರ ಅಪ್ಪಣೆಯೂ ಬೇಡ. ಬ್ರೇಕಿನ ವಿಷಯದಲ್ಲಂತೂ ಹಳೆಯದರ ಮೋಹ ಪ್ರಾಣಕ್ಕೆ ಎರವಾದೀತು. ಚಾಸಿಸ್, ಎಂಜಿನ್ ಕೇಸು, ಟ್ಯಾಂಕು, ಮಡ್‌ಗಾರ್ಡು, ಮೂಲ ಬಣ್ಣ ಇವು ಒಮ್ಮೆ ಹೋದರೆ ಹೋದವೇ. ಇವೆರಡರ ನಡುವೆ ಗೆರೆ ಎಳೆಯಲು ಬರದವರು ಸ್ಪ್ಯಾನರ್ ಹಿಡಿಯುವ ಮುಂಚೆ ಸ್ವಲ್ಪ ತಡೆಯುವುದು ಒಳ್ಳೆಯದು.

ಎರಡರ ನಡುವೆ ನಿಲ್ಲುವ ಕೆಲಸಗಳೂ ಇವೆ. ಸಿಲಿಂಡರ್ ಸವೆದಾಗ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಮುಂದಿನ ಸಲ ಇನ್ನೊಂದು ಕಾಲು. ಹೀಗೆ ನಾಲ್ಕಾರು ಸಲ ಆದ ಮೇಲೆ ಕೊರೆಯಲು ಗೋಡೆಯೇ ಉಳಿಯದೆ ಹೊಸ ಸ್ಲೀವ್ ಹಾಕಿಸಬೇಕಾಗುತ್ತದೆ. ಕೊರೆದ ಲೋಹ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಅನುಭವಿ ಮೆಕ್ಯಾನಿಕ್ ಬೋರ್ ಮಾಡಿಸಲು ಅವಸರಪಡುವುದಿಲ್ಲ. ಮೊದಲು ಅಳತೆ ನೋಡುತ್ತಾರೆ, ರಿಂಗು ಬದಲಿಸಿದರೆ ಸಾಕೇ ಎಂದು ಪರೀಕ್ಷಿಸುತ್ತಾರೆ. ಮಾಡಲೇಬೇಕಾದರೆ ಅತಿ ಕಡಿಮೆ ಎಷ್ಟು ಬೇಕೋ ಅಷ್ಟೇ. ಬಣ್ಣದ ವಿಷಯದಲ್ಲೂ ಇದೇ ಸಂಯಮ ಬೇಕು. ತುಕ್ಕು ಒಳಗೆ ತಿನ್ನುತ್ತಿದ್ದರೆ ಅದನ್ನು ಬಿಡಲಾಗದು. ಆದರೆ ಮಾಸಿದ ಮೂಲ ಬಣ್ಣವನ್ನು ತೊಳೆದು, ಮೇಣ ಹಚ್ಚಿ, ತುಕ್ಕಿನ ಜಾಗವನ್ನಷ್ಟೇ ತಡೆದು ನಿಲ್ಲಿಸಬಹುದು. ಅದು ಇಡೀ ಬೈಕಿಗೆ ಬಣ್ಣ ಹೊಡೆಯುವುದಕ್ಕಿಂತ ಕಷ್ಟದ ಕೆಲಸ, ಹೆಚ್ಚು ತಾಳ್ಮೆ ಬೇಡುವ ಕೆಲಸ. ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಯಬಹುದು. ಕಾರ್ಖಾನೆಯ ಬಣ್ಣ ಒಂದೇ ಸಲ ಬರುವುದು.

ಇನ್ನು ಕಸ್ಟಮ್ ಮಾಡಿಸುವವರ ಮಾತು. ಹಳೆಯ ಬೈಕಿನ ಸೀಟು ಕಡಿದು, ಹ್ಯಾಂಡಲ್ ತಗ್ಗಿಸಿ, ಮಡ್‌ಗಾರ್ಡ್ ಕತ್ತರಿಸಿ ತಮ್ಮ ಕಲ್ಪನೆಯ ಗಾಡಿ ಕಟ್ಟುವವರನ್ನು ಕಂಡರೆ ಹಳೆಯದರ ಭಕ್ತರಿಗೆ ಸಿಟ್ಟು. ಆ ಸಿಟ್ಟಿನಲ್ಲಿ ನಾನು ಪೂರ್ತಿ ಪಾಲುದಾರನಲ್ಲ. ಬೈಕನ್ನು ತನಗೆ ಬೇಕಾದಂತೆ ಬದಲಿಸಿಕೊಳ್ಳುವುದು ಬೈಕಿನಷ್ಟೇ ಹಳೆಯ ಚಟ. 1950 ಮತ್ತು 60ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಹೋಟೆಲುಗಳಲ್ಲಿ ಸೇರುತ್ತಿದ್ದ ಕಾರ್ಮಿಕ ಕುಟುಂಬಗಳ ಹುಡುಗರು ತಮ್ಮ ಗಾಡಿಗಳನ್ನು ಹಗುರ ಮಾಡಿ, ಬಗ್ಗಿ ಓಡಿಸಿ, ‘ಕೆಫೆ ರೇಸರ್’ ಎಂಬ ಹೊಸ ಜಾತಿಯನ್ನೇ ಹುಟ್ಟಿಸಿದರು. ನಮ್ಮ ದೇಶದಲ್ಲಿ ಇದು ಶೋಕಿಗಿಂತ ಹೊಟ್ಟೆಪಾಡಿನಿಂದ ಬಂತು. ಎರಡನೇ ಮಹಾಯುದ್ಧದ ನಂತರ ಸೇನೆ ಬಿಟ್ಟುಹೋದ ಹಾರ್ಲೆ ಡೇವಿಡ್‌ಸನ್ ಬೈಕುಗಳಿಗೆ ಹಿಂದೆ ತೊಟ್ಟಿ ಕಟ್ಟಿ ದೆಹಲಿಯಲ್ಲಿ ‘ಫಟ್‌ಫಟಿಯಾ’ ಎಂಬ ಬಾಡಿಗೆ ಗಾಡಿ ಮಾಡಿದರು. ದಶಕಗಟ್ಟಲೆ ಅವು ಚಾಂದನಿ ಚೌಕದ ಕಡೆಯ ಜನರನ್ನು ಹೊತ್ತವು. ಪೆಟ್ರೋಲ್ ತುಟ್ಟಿಯಾದಾಗ ಬುಲೆಟ್ಟಿನ ಚಾಸಿಸ್‌ಗೆ ಡೀಸೆಲ್ ಎಂಜಿನ್ ಕೂರಿಸಿದವರೂ ಇದ್ದರು. ಮುಂದೆ ಎನ್‌ಫೀಲ್ಡ್ ಕಂಪನಿಯೇ ‘ಟಾರಸ್’ ಹೆಸರಿನಲ್ಲಿ ಡೀಸೆಲ್ ಬೈಕು ಮಾರಿತು. ಇಂದು ಒಂದು ಫಟ್‌ಫಟಿಯಾ ಸಿಕ್ಕರೆ ಅದನ್ನು ಬಿಚ್ಚಿ ಮತ್ತೆ ಹಾರ್ಲೆ ಮಾಡಿ ಎಂದು ನಾನು ಹೇಳಲಾರೆ. ಬದಲಾವಣೆಯೇ ಅಲ್ಲಿ ಚರಿತ್ರೆಯಾಗಿದೆ.

ಹಾಗಾದರೆ ಇಂದು ಬದಲಿಸುವುದು ಮಾತ್ರ ಯಾಕೆ ತಪ್ಪು? ತಪ್ಪೆಂದು ನಾನೂ ಹೇಳುತ್ತಿಲ್ಲ. ಕತ್ತರಿಸುವುದಕ್ಕೂ ಕಳಚುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು ಎನ್ನುತ್ತೇನೆ. ಹಳೇ ಜಾವಾದ 6 ವೋಲ್ಟ್ ದೀಪದಲ್ಲಿ ರಾತ್ರಿ ಹಳ್ಳದಿಣ್ಣೆ ಕಾಣುವುದು ಕಷ್ಟ. 12 ವೋಲ್ಟಿಗೆ ಬದಲಿಸಿ, ಹಳೆಯ ಸಾಮಾನನ್ನು ಡಬ್ಬದಲ್ಲಿಟ್ಟು ಹೆಸರು ಬರೆದರೆ ಏನೂ ನಷ್ಟವಿಲ್ಲ. ಪಾಯಿಂಟು ಕಂಡೆನ್ಸರುಗಳ ಕಾಟ ತಾಳದೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರಿದ್ದಾರೆ. ಒಂದು ಭಾನುವಾರ ಕೂತರೆ ಮತ್ತೆ ಹಳೆಯದನ್ನೇ ಹಾಕಬಹುದು. ಬೇರೆ ಸೀಟು, ಬೇರೆ ಹ್ಯಾಂಡಲ್, ಬೇರೆ ಕನ್ನಡಿ ಇವೆಲ್ಲ ಬೋಲ್ಟ್ ಬಿಚ್ಚಿದರೆ ಹೋಗುವಂಥವು. ಆದರೆ ಹಿಂಬದಿಯ ಫ್ರೇಮನ್ನು ಗ್ಯಾಸ್ ಕಟರಿನಿಂದ ಕತ್ತರಿಸಿದ ಮೇಲೆ ವೆಲ್ಡಿಂಗಿನಿಂದ ಮೊದಲಿನ ಬಲವೂ ಬರುವುದಿಲ್ಲ, ಮೊದಲಿನ ನೇರವೂ ಬರುವುದಿಲ್ಲ. ಕಲ್ಪನೆಗೆ ಕೆಲಸ ಕೊಡಬೇಕೆಂದಿರುವವರು ಎಂಜಿನ್ ಕಳೆದುಕೊಂಡು ಗುಜರಿಯಲ್ಲಿ ಬಿದ್ದ ಫ್ರೇಮು, ಈಗಲೂ ಲಕ್ಷಗಟ್ಟಲೆ ತಯಾರಾಗುವ ಹೊಸ ಬೈಕು, ಇವುಗಳ ಮೇಲೆ ಕೈಯಾಡಿಸಲಿ. ಕೈಬೆರಳೆಣಿಕೆಯಷ್ಟು ಉಳಿದ ಮೂಲ ಗಾಡಿಯನ್ನು ಗರಗಸಕ್ಕೆ ಕೊಡುವುದು ಬೇಡ.

ಕಾನೂನು ಈ ವ್ಯತ್ಯಾಸವನ್ನು ಅರ್ಧ ಮಾತ್ರ ಗುರುತಿಸಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಇದು ಸರಿ. ಸೈಲೆನ್ಸರ್ ಕಿತ್ತು ಬೀದಿ ನಡುಗಿಸುವವರ ಪರ ನಾನು ಒಂದು ಮಾತೂ ಆಡಲಾರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿಸ್, ಬಾಡಿ, ಎಂಜಿನ್ ಭಾರಿ ಬದಲಾವಣೆ ಕಾಣದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಆ ಮನ್ನಣೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷದ ಅವಧಿ. ಫ್ರೇಮು ಕತ್ತರಿಸಿದವರಿಗೆ ಆ ಮನ್ನಣೆ ಸಿಗಲಾರದು. ನಿಯಮ ಮಾಡಿದವರೂ ಮೂಲ ರೂಪಕ್ಕೆ ಬೆಲೆಯಿದೆ ಎಂದು ಒಪ್ಪಿದರಲ್ಲ ಎಂಬುದು ಸಮಾಧಾನ.

ಆದರೆ ಈ ನಿಯಮದಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು 50 ವರ್ಷದ ಗಡಿ. ಮೈಸೂರಿನಲ್ಲಿ 1996ರಲ್ಲಿ ತಯಾರಾದ ಕೊನೆಯ ಯೆಜ್ಡಿಗೆ ವಿಂಟೇಜ್ ಮನ್ನಣೆ ಸಿಗುವುದು 2046ರಲ್ಲಿ. ಅಲ್ಲಿಯ ತನಕ ಅದು ಕಾಗದದ ಮೇಲೆ ಬರೀ ಒಂದು ಹಳೇ ಗಾಡಿ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಲೆಕ್ಕ ಹಾಕಿದರೆ 2011ರಿಂದ 2041ರವರೆಗೆ ಏಳು ಸಲ ಅದು ಪರೀಕ್ಷೆ ಗೆದ್ದು ಬರಬೇಕು. ದ್ವಿಚಕ್ರ ವಾಹನಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. ಒಂದು ಸಲ ತಪ್ಪಿದರೆ ದಂಡ, ಓಡಾಟ, ಕೊನೆಗೆ ‘ಯಾಕಪ್ಪ ಈ ರಗಳೆ’ ಎಂದು ಗುಜರಿ. ಅಜ್ಜನಾದ ಮೇಲೆ ಮರ್ಯಾದೆ ಕೊಡುತ್ತೇವೆ, ಅಲ್ಲಿಯ ತನಕ ಬದುಕಿರುವುದು ನಿನ್ನ ಪಾಡು ಎಂದ ಹಾಗಾಯಿತು ಇದು. ಫಿವಾ ತನ್ನ ವ್ಯಾಖ್ಯೆಯಲ್ಲಿ 30 ವರ್ಷವನ್ನೇ ಗಡಿಯಾಗಿ ಇಟ್ಟುಕೊಂಡಿದೆ. ನಮ್ಮಲ್ಲೂ 30ರಿಂದ 50 ವರ್ಷದ ನಡುವಿನ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ಒಂದು ಮಧ್ಯದ ವರ್ಗ ಬೇಕು: ಕಡಿಮೆ ಶುಲ್ಕ, ನಿಗದಿತ ಕಿಲೋಮೀಟರಿನ ಮಿತಿ, ಸುರಕ್ಷತೆಯ ತಪಾಸಣೆ.

ಎರಡನೆಯ ಕೊರತೆ, ವಿಂಟೇಜ್ ವಾಹನವನ್ನು ದಿನಬಳಕೆಗೆ ಓಡಿಸಬಾರದೆಂಬ ಷರತ್ತಿನದು. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕಾರಣಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನವೂ ಕಚೇರಿಗೆ ಓಡಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ನಿಂತ ನೀರಿನ ಹಾಗೆ ನಿಂತ ಯಂತ್ರವೂ ಕೆಡುತ್ತದೆ. ಆಯಿಲ್ ಸೀಲುಗಳು ಒಣಗಿ ಬಿರಿಯುತ್ತವೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಬೇರಿಂಗುಗಳಿಗೆ ತುಕ್ಕು ಹತ್ತುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಕೂತು ಒಳಗಿನಿಂದ ತಿನ್ನುತ್ತದೆ, ಎಥೆನಾಲ್ ಹಳೆಯ ಕಾಲದ ರಬ್ಬರನ್ನೂ ಉಬ್ಬಿಸಿ ಮೆತ್ತಗಾಗಿಸುತ್ತದೆ. ಹೊಸ ಬಗೆಯ ರಬ್ಬರಿನ ಪೈಪು, ಸೀಲುಗಳನ್ನು ಹಾಕಿಸುವುದು ಇಲ್ಲಿ ಅನಿವಾರ್ಯ ಬದಲಾವಣೆ. ತಿಂಗಳಿಗೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವುದನ್ನು ಕಾಪಿಡುವ ಕೆಲಸದ ಭಾಗವೆಂದೇ ನಿಯಮ ಸ್ಪಷ್ಟವಾಗಿ ಹೇಳಬೇಕು.

ಹೊಗೆಯ ವಿಷಯವನ್ನು ಬದಿಗೆ ಸರಿಸಿದರೆ ಈ ವಾದ ಪ್ರಾಮಾಣಿಕವಾಗದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಒಳಬರುವಾಗ ಹೊಗೆ ಹೋಗುವ ದಾರಿ ಇನ್ನೂ ತೆರೆದಿರುತ್ತದೆ. ಹೀಗಾಗಿ ಅದರ ಒಂದು ಪಾಲು ಉರಿಯದೆಯೇ ಹೊರಬೀಳುತ್ತದೆ, ಜೊತೆಗೆ ಉರಿದ ಆಯಿಲಿನ ನೀಲಿ ಹೊಗೆ. ಆ ವಾಸನೆ ನನ್ನ ಬಾಲ್ಯದ ವಾಸನೆಯೇ ಇರಬಹುದು, ಆದರೆ ಪಕ್ಕದ ಮನೆಯ ಮಗುವಿನ ಶ್ವಾಸಕ್ಕೆ ಅದು ವಿಷ. ಊರ ತುಂಬ ಅಂಥ ಗಾಡಿಗಳು ದಿನವೂ ಓಡಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಅದಕ್ಕೇ ನಾನು ಮಿತಿಯನ್ನು ಒಪ್ಪುತ್ತೇನೆ. ಅಷ್ಟೇ ಅಲ್ಲ, ಸರಿಯಾಗಿ ಟ್ಯೂನ್ ಮಾಡದ, ಆಯಿಲ್ ಅಳತೆ ತಪ್ಪಿಸಿ ಹೊಗೆ ಕಾರುವ ಗಾಡಿಯನ್ನು ‘ಹಳೆಯದಲ್ಲವೇ’ ಎಂದು ಸಮರ್ಥಿಸುವವರು ಈ ಹವ್ಯಾಸಕ್ಕೆ ಕೆಟ್ಟ ಹೆಸರು ತರುತ್ತಾರೆ. ಆದರೆ ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಬೆರಳೆಣಿಕೆಯ ಗಾಡಿಗಳನ್ನು, ದಿನವಿಡೀ ರಸ್ತೆಯಲ್ಲಿರುವ ಹಳೇ ಲಾರಿಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ವಯಸ್ಸನ್ನಷ್ಟೇ ನೋಡಿ ಗುಜರಿಗೆ ಕಳಿಸುವ ನೀತಿ, ಎಷ್ಟು ಓಡುತ್ತದೆ, ಎಷ್ಟು ಹೊಗೆ ಬಿಡುತ್ತದೆ, ಎಷ್ಟು ಅಪರೂಪ ಎಂಬುದನ್ನೂ ನೋಡಬೇಕು.

ಕೆಲವರು ಹಣದ ಮಾತೆತ್ತುತ್ತಾರೆ. ಹಳೆಯ ಬೈಕಿಗೆ ಅದರ ಕೊಂಡ ಬೆಲೆಯ ಎರಡು ಮೂರು ಪಟ್ಟು ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರವಲ್ಲವೇ? ಹೊಳಪಿನ ಬೆನ್ನು ಹತ್ತಿದರೆ ಖಂಡಿತ ಭಾರ. ಖರ್ಚಿನ ದೊಡ್ಡ ಪಾಲು ಹೋಗುವುದು ಕ್ರೋಮು, ಬಣ್ಣ, ಹೊಸ ಬಿಡಿಭಾಗಗಳಿಗೆ, ಅಂದರೆ ಮೂಲವನ್ನು ಅಳಿಸುವುದಕ್ಕೇ. ಓಡುವಷ್ಟು ಸರಿಮಾಡಿ, ಉಳಿದದ್ದನ್ನು ಇದ್ದಂತೆ ಬಿಟ್ಟರೆ ಸಾಮಾನ್ಯ ಸಂಬಳದವರಿಗೂ ಇದು ಎಟಕುವ ಕೆಲಸ. ಹೊಳಪಿನ ಸಂತೆ ಇನ್ನೊಂದು ಕೇಡನ್ನೂ ತಂದಿದೆ. ಬೇರೆ ಬೇರೆ ಗಾಡಿಗಳ ತುಂಡು ಸೇರಿಸಿ ಕಟ್ಟಿ, ಅಪರೂಪದ ಮಾಡೆಲ್ ಎಂದು ಮಾರುವವರಿದ್ದಾರೆ. ಎಲ್ಲವೂ ಹೊಸದಾಗಿ ಹೊಳೆಯುವಾಗ ಅಸಲಿಗೂ ನಕಲಿಗೂ ವ್ಯತ್ಯಾಸ ಹುಡುಕುವುದು ಹೇಗೆ? ಮಾಸಿದ ಬಣ್ಣ, ಸವೆದ ರಬ್ಬರು, ಹಳೇ ಆರ್‌ಸಿ ಪುಸ್ತಕ ಇವುಗಳೇ ಅಸಲಿಯ ಸಾಕ್ಷಿಗಳು.

ನಾವು ಉಳಿಸಬೇಕಾದದ್ದು ಕಬ್ಬಿಣವನ್ನಷ್ಟೇ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು, ಮೈಸೂರಿನ ಓಣಿಗಳ ಚಿಕ್ಕ ಗ್ಯಾರೇಜುಗಳು, ಇಲ್ಲೆಲ್ಲ ಎಂಜಿನ್ನಿನ ಸದ್ದು ಕೇಳಿಯೇ ಕ್ರ್ಯಾಂಕಿನ ಯಾವ ಬೇರಿಂಗ್ ಸಡಿಲವಾಗಿದೆ ಎಂದು ಹೇಳುವವರು ಇನ್ನೂ ಇದ್ದಾರೆ. ಸಿಗದ ಬುಷ್ಷನ್ನು ಲೇತಿನಲ್ಲಿ ತಿರುಗಿಸಿ ಕೊಡುವವರಿದ್ದಾರೆ. ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ ಮೇಲೂ ಯೆಜ್ಡಿಗಳು ಓಡುತ್ತಿರುವುದು ಇವರ ಕೈಗುಣದಿಂದ. ಇವರಲ್ಲಿ ಹೆಚ್ಚಿನವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕಾರ್ಖಾನೆ ಶುರುವಾದಾಗ ಇಪ್ಪತ್ತರ ಹರೆಯದಲ್ಲಿ ಸೇರಿದ ಕೆಲಸಗಾರರಿಗೆ ಈಗ ಎಂಬತ್ತು ದಾಟಿದೆ. ಮೈಸೂರಿನಲ್ಲಿ ರೈಲುಗಳಿಗೆ 1979ರಿಂದಲೇ ಒಂದು ಮ್ಯೂಸಿಯಂ ಇದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವಿದೆ. ಅದೇ ಪ್ರೀತಿಯಿಂದ ಈ ಕೆಲಸಗಾರರ ಮತ್ತು ಮೆಕ್ಯಾನಿಕ್‌ಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬಾರದೇ? ಐಟಿಐಗಳಲ್ಲಿ ಹಳೆಯ ಎಂಜಿನ್ನುಗಳ ಒಂದು ಚಿಕ್ಕ ಪಾಠಕ್ರಮ ಇಡಲಾಗದೇ? ಯಂತ್ರ ಉಳಿದು ಅದನ್ನು ಬಿಚ್ಚಿ ಕಟ್ಟಲು ಬಲ್ಲವರು ಇಲ್ಲವಾದರೆ, ಉಳಿದದ್ದು ಓದಲು ಬಾರದ ಲಿಪಿಯ ತಾಳೆಗರಿಯಂತೆ.

ಸರ್ಕಾರ ಮಾಡಲಿ ಎಂದು ಕಾಯದೆ ಪ್ರತಿಯೊಬ್ಬ ಮಾಲೀಕರೂ ಮಾಡಬಹುದಾದದ್ದು ಒಂದಿದೆ. ಆಯುಧಪೂಜೆಯ ದಿನ ನಾವೆಲ್ಲ ಗಾಡಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅದೇ ದಿನ ಒಂದು ನೋಟ್‌ಬುಕ್ ತೆಗೆದು, ಆ ವರ್ಷ ಗಾಡಿಗೆ ಏನೇನು ಮಾಡಿಸಿದೆವು, ಯಾವ ಭಾಗ ತೆಗೆದೆವು, ಯಾಕೆ, ತೆಗೆದದ್ದನ್ನು ಎಲ್ಲಿಟ್ಟಿದ್ದೇವೆ ಎಂದು ಬರೆದರೆ ಸಾಕು. ಬಿಚ್ಚುವ ಮುಂಚೆ ನಾಲ್ಕು ಫೋಟೊ. ತೆಗೆದ ಹಳೇ ಭಾಗಕ್ಕೆ ಒಂದು ಚೀಟಿ, ಅಟ್ಟದ ಮೇಲೆ ಒಂದು ಡಬ್ಬ. ನಮ್ಮ ನಂತರ ಆ ಗಾಡಿ ಯಾರ ಕೈಗೆ ಹೋದರೂ ಅದರ ಜೊತೆ ಅದರ ಕಥೆಯೂ ಹೋಗುತ್ತದೆ. ನಾವು ಮಾಡಿದ ತಪ್ಪನ್ನು ಅವರು ತಿದ್ದಬಹುದು.

ನಾನೂ ಅಂಥದೊಂದು ನೋಟ್‌ಬುಕ್ ಇಟ್ಟಿದ್ದೇನೆ. ಅದು ಜಾವಾದ ಟೂಲ್‌ಬಾಕ್ಸಿನಲ್ಲಿದೆ. ಮೊದಲ ಪುಟದಲ್ಲಿ 2009 ಎಂದು ಬರೆದು, ಕೆಳಗೆ ಅಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡೆ: ಟ್ಯಾಂಕಿನ ಬಲಗಡೆ ತಗ್ಗು, ಹೆಬ್ಬೆರಳು ಕೂರುವಷ್ಟು ಅಗಲ, ಮುಚ್ಚಳದಿಂದ ಒಂದು ಗೇಣು ಕೆಳಗೆ. ಪುಟ್ಟಿಯ ಅಡಿಯಲ್ಲಿ ಅದು ಈಗಲೂ ಇದೆ. ಮುಂದೊಂದು ದಿನ ಈ ಬೈಕು ಯಾರದಾಗುತ್ತದೋ ಅವರು ಈ ಪುಟ ಓದಿ, ಬಣ್ಣ ಕೆರೆಯುವ ಮುನ್ನ ಅಲ್ಲೊಮ್ಮೆ ಬೆರಳಿಟ್ಟು ನೋಡಲಿ.